ಒಂದು ಹೆಸರಿನಷ್ಟು ಜಾಗ

"ಸ್ವಲ್ಪ ಸೊಟ್ಟಗೆ ಬರೀ ವರ್ನಾ," ಎಂದಳು ಪೆಗ್ಗಿ. "ಇಷ್ಟು ಚೆನ್ನಾಗಿ ಬರೆದ್ರೆ, ಮನೇಲಿ ಕೂತು ಬರ್ಕೊಂಡು ಬಂದಿದ್ದು ಅಂತ ಯಾರು ನಂಬ್ತಾರೆ?"

ವರ್ನಾ ಬ್ರಷ್ ಎತ್ತಿ ಫಲಕವನ್ನು ನೋಡಿದಳು. 'ಮದುವೆ ಅಂದರೆ ಒಂದು ಗಂಡು, ಒಂದು ಹೆಣ್ಣು.' ನಿನ್ನೆ ಬರೆದವು ಬೇರೆ, ಇವತ್ತು ಬೆಳಗಿನಿಂದ ಇದು ನಲವತ್ತನೆಯದು. ನಲವತ್ನಾಲ್ಕು ವರ್ಷ ಟ್ಯಾಂಪಾದ ಅಂಗಡಿ, ಲಾರಿ, ಮೀನಿನ ಮಾರುಕಟ್ಟೆಗಳಿಗೆ ಬೋರ್ಡು ಬರೆದ ಕೈ ಅದು. ಸೊಟ್ಟಗೆ ಬರಿ ಅಂದರೆ ಎಲ್ಲಿಂದ ಬರಬೇಕು? ಎಡಗೈಯಲ್ಲಿ ಪ್ರಯತ್ನಿಸಿದಳು. ಅದೂ ನೆಟ್ಟಗೇ ಬಂತು.

"ಹಾಳಾದ್ದು," ಎಂದಳು.

ರಿಪಬ್ಲಿಕನ್ ಪಕ್ಷದ ಮಹಾಧಿವೇಶನದ ನಿಯಮವೇ ಹಾಗೆ. ಹೊರಗಿನಿಂದ ಯಾರೂ ಫಲಕ ತರುವಂತಿಲ್ಲ. ದೇಶದ ಮೂಲೆಮೂಲೆಯಿಂದ ಬಂದ ಪ್ರತಿನಿಧಿಗಳು ಉಕ್ಕಿಬಂದ ಅಭಿಮಾನದಿಂದ ತಾವೇ ಗೀಚಿ ತಂದಂತೆ ಟಿವಿಯಲ್ಲಿ ಕಾಣುವ ಫಲಕಗಳನ್ನೆಲ್ಲ ಬರೆಯುವವರು ಹಿಂದಿನ ಉಗ್ರಾಣದಲ್ಲಿ ಕೂತ ಸ್ವಯಂಸೇವಕರು. ರಿಪಬ್ಲಿಕನ್ನರೇನು, ಡೆಮಾಕ್ರಾಟರೇನು, ಇಬ್ಬರದೂ ಇದೇ ಕಥೆ. ಪೆಗ್ಗಿ ಜಿಲ್ಲಾ ಪಕ್ಷದ ಮಹಿಳಾ ಘಟಕದ ಅಧ್ಯಕ್ಷೆ, ಈ ಉಗ್ರಾಣದ ಯಜಮಾನಿ, ವರ್ನಾಳ ಇಪ್ಪತ್ತು ವರ್ಷದ ಗೆಳತಿ. ಒಳ್ಳೆಯ ಹೆಂಗಸೇ. ಬಾಯಿ ಸ್ವಲ್ಪ ಜಾಸ್ತಿ.

"ಸಂಜೆಗೆ ನಿನ್ನ ಪಾಸ್ ತಂದಿಟ್ಟಿದ್ದೀನಿ ಕಣೇ. ಮೇಲೆಲ್ಲೋ ಸೂರಿನ ಹತ್ರ ಅಲ್ಲ, ಕೆಳಗೆ, ನಮ್ಮ ರಾಜ್ಯದೋರ ಮಧ್ಯೆ ಕುರ್ಚಿ. ಪ್ರಣಾಳಿಕೆ ಓದುವಾಗ ನೀನು ಬರೆದ ಬೋರ್ಡು ನೀನೇ ಎತ್ತಬಹುದು. ಮೂರು ಗಂಟೆಗೆ ಬಾಗಿಲು ಹಾಕ್ತಾರೆ, ಎಲ್ಲೂ ಹೋಗ್ಬೇಡ."

ಅರವತ್ತೆಂಟನೆಯ ವಯಸ್ಸಿನಲ್ಲಿ ವರ್ನಾ ಮೊದಲ ಸಲ ಒಳಗೆ ಕೂರುವವಳಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಮನೆಮನೆಗೆ ಹೋಗಿ ಕರಪತ್ರ ಹಂಚಿದಾಗಿನಿಂದ ಕಂಡ ಕನಸು ಅದು. ಆದರೆ ಈ ಸುದ್ದಿಯನ್ನು ಯಾರಿಗೆ ಹೇಳಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತೋ ಅವಳು ಮನೆಯಲ್ಲಿರಲಿಲ್ಲ.

ಲೋಯಿಸ್ ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು.

ಮೂವತ್ತೊಂದು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸರು ಅವರು. ಲೋಯಿಸ್ ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದವಳು, ಕಟ್ಟಾ ಡೆಮಾಕ್ರಾಟ್. ಪ್ರತಿ ಚುನಾವಣೆಯಲ್ಲೂ ಒಬ್ಬಳ ಓಟನ್ನು ಇನ್ನೊಬ್ಬಳ ಓಟು ಹೊಡೆದುಹಾಕುತ್ತಿತ್ತು. ಹಾಗಂತ ಇಬ್ಬರೂ ಮನೆಯಲ್ಲಿ ಕೂತರೇ? ಒಂದೇ ಕಾರಿನಲ್ಲಿ ಹೋಗಿ, ಒಂದೇ ಸಾಲಿನಲ್ಲಿ ನಿಂತು, ಓಟು ಹಾಕಿ, ಬರುವಾಗ ಒಂದು ಕ್ಯೂಬನ್ ಸ್ಯಾಂಡ್‌ವಿಚ್ಚನ್ನು ಅರ್ಧರ್ಧ ಹಂಚಿಕೊಂಡು ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು. ತೆರಿಗೆಯ ಮೇಲೆ ಜಗಳ, ಯುದ್ಧದ ಮೇಲೆ ಜಗಳ. ಮದುವೆಯ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಪಕ್ಷದ ಮಾತೆಲ್ಲ ವರ್ನಾಳಿಗೆ ಒಪ್ಪಿಗೆಯೇ, ಅದೊಂದನ್ನು ಬಿಟ್ಟು. ಅದೊಂದನ್ನು ಹಲ್ಲಿನ ಸಂದಿಯ ನಾರಿನಂತೆ ನಾಲಿಗೆಯಲ್ಲಿ ಮುಟ್ಟಿಮುಟ್ಟಿ ನೋಡುತ್ತ, ಯಾರಿಗೂ ತೋರಿಸದೆ ವರ್ಷಗಳನ್ನು ದೂಡಿದ್ದಳು. ಪಕ್ಷದವರನ್ನು, ಪೆಗ್ಗಿಯನ್ನೂ ಸೇರಿಸಿ, ಒಂದು ದಿನವೂ ಮನೆಗೆ ಕರೆದಿರಲಿಲ್ಲ.

ಏಪ್ರಿಲ್‌ನಲ್ಲಿ ಲೋಯಿಸ್‌ಗೆ ಎದೆನೋವು ಬಂತು. ಆಸ್ಪತ್ರೆಯ ಮೇಜಿನ ಹಿಂದೆ ಕೂತ ಹೆಂಗಸು, "ನೀವು ಇವರಿಗೆ ಏನಾಗಬೇಕು?" ಎಂದು ಮರ್ಯಾದೆಯಿಂದಲೇ ಕೇಳಿದಳು. ವರ್ನಾ ಬಾಯಿ ತೆರೆಯುವಷ್ಟರಲ್ಲಿ ಕಾಫಿಯ ಲೋಟ ಹಿಡಿದು ಪೆಗ್ಗಿಯ ಗಂಡ ಅಲ್ಲೇ ಬಂದು ನಿಂತ. ಅವನ ತಾಯಿಯನ್ನೂ ಅಲ್ಲಿಗೇ ಸೇರಿಸಿದ್ದರಂತೆ. "ಪಕ್ಕದ ಮನೆಯವಳು," ಎಂದುಬಿಟ್ಟಳು ವರ್ನಾ. ಗಾಲಿಮಂಚದ ಮೇಲೆ ಮಲಗಿದ್ದ ಲೋಯಿಸ್ ಕಣ್ಣು ಮುಚ್ಚಿದ್ದಳೇ ಹೊರತು ಕಿವಿ ಮುಚ್ಚಿರಲಿಲ್ಲ. ವಾಸಿಯಾದ ಮೇಲೆ ಮನೆಗೆ ಬರಲಿಲ್ಲ. ಕೊಲ್ಲಿಯ ಆಚೆ, ತಂಗಿಯ ಮಗಳ ಮನೆಗೆ ಹೋದಳು.

ಮನೆಯಲ್ಲಿ ವರ್ನಾಳಿಗೆ ಜಗಳವಾಡಲು ಜನವಿಲ್ಲದಂತಾಯಿತು. ಪೇಪರಿನಲ್ಲಿ ಲೋಯಿಸ್‌ಳನ್ನು ಕೆರಳಿಸುವಂಥದ್ದು ಏನು ಬಂದರೂ ಕತ್ತರಿಸಿ ಫ್ರಿಜ್ಜಿನ ಮೇಲೆ ಇಡುತ್ತಿದ್ದಳು. ಕಟ್ಟು ಗೇಣುದ್ದ ಬೆಳೆದಿತ್ತು. ಟಿವಿಯಲ್ಲಿ ತನ್ನ ಪಕ್ಷದವನು ಚೆನ್ನಾಗಿ ಮಾತಾಡಿದರೆ "ಕೇಳಿಸ್ತಾ?" ಎಂದು ಒಳಕೋಣೆಯ ಕಡೆ ತಿರುಗುವುದು, ತಿರುಗಿ ಹಾಗೇ ಕೂತಿರುವುದು. ಫೋನು ಮಾಡಿದರೆ ತಂಗಿಯ ಮಗಳೇ ಎತ್ತಿ, "ಈಜೋಕೆ ಹೋಗಿದ್ದಾರೆ ಆಂಟಿ," ಎನ್ನುತ್ತಿದ್ದಳು. ಎಷ್ಟು ಹೊತ್ತಿಗೆ ಮಾಡಿದರೂ ಈಜು! ಬಂದು ಬೈದರೂ ಸಾಕಿತ್ತು ಎಂದು ವರ್ನಾಳಿಗೆ ಅನಿಸುತ್ತಿತ್ತು.

ಉಗ್ರಾಣದ ಟಿವಿಯಲ್ಲಿ ಆಗ ಎರಡು ಪಕ್ಷದ ಇಬ್ಬರು ಕಿತ್ತಾಡುತ್ತಿದ್ದರು. ಸೃಷ್ಟಿಯಾದಾಗಿನಿಂದ ಮದುವೆ ಅಂದರೆ ಇದೇ ಎಂದು ಒಬ್ಬ, ನಿಮ್ಮಪ್ಪನ ಮನೆ ಆಸ್ತಿಯೇ ಮದುವೆ ಎಂಬ ಧಾಟಿಯಲ್ಲಿ ಇನ್ನೊಬ್ಬಳು. ಅವರ ಗಲಾಟೆಯ ನಡುವೆ ಹೊರಗಿನ ಪ್ರತಿಭಟನೆಯನ್ನು ತೋರಿಸಿದರು. ಬಿರುಗಾಳಿ ಬರುತ್ತದೆಂಬ ಸುದ್ದಿಯ ಭಯಕ್ಕೆ ಬಂದವರು ಕಡಿಮೆ. ಪೊಲೀಸರು ಹಾಕಿದ ಬೇಲಿಯೊಳಗೆ ಇನ್ನೂರು ಜನ ಇದ್ದರೆ ಹೆಚ್ಚು. ಮುಂದಿನ ಸಾಲಿನಲ್ಲಿ ಜೋಡಿಗಳು ನಿಂತಿದ್ದವು. ಪ್ರತಿಯೊಂದು ಫಲಕದಲ್ಲೂ ಎರಡು ಹೆಸರು, ಕೂಡಿ ಬಾಳಿದ ವರ್ಷಗಳ ಲೆಕ್ಕ. ಕ್ಯಾಮೆರಾ ಸರಿಯುತ್ತ ಹೋಗಿ ಕೊನೆಯಲ್ಲಿ, ಒಂಟಿಯಾಗಿ ನಿಂತ, ನೀಲಿ ಟೋಪಿಯ ಎತ್ತರದ ಮುದುಕಿಯ ಮೇಲೆ ನಿಂತಿತು.

ಲೋಯಿಸ್! ವರ್ನಾ ಎದ್ದು ಟಿವಿಯ ಹತ್ತಿರಕ್ಕೆ ಬಂದಳು. ನಾಲ್ಕು ತಿಂಗಳಲ್ಲಿ ಎಷ್ಟು ಬಡವಾಗಿದ್ದಾಳೆ!

ಕೈಬರಹ ಮಾತ್ರ ದೇವರಿಗೇ ಪ್ರೀತಿ. ಮೊದಲ ಅಕ್ಷರ ಆನೆ, ಕೊನೆಯದು ಇಲಿ. 'ಲೋಯಿಸ್ ಮತ್ತು', ಆಮೇಲೆ ಒಂದು ಹೆಸರು ಹಿಡಿಸುವಷ್ಟು ಖಾಲಿ ಜಾಗ, ಅದರ ಕೆಳಗೆ 'ಮೂವತ್ತೊಂದು ವರ್ಷ.'

"ಪಾಪ," ಎಂದಳು ಪೆಗ್ಗಿ, ಟಿವಿಯನ್ನು ನೋಡುತ್ತ. "ಅವಳ ಜೊತೆಗಾತಿ ತೀರ್ಕೊಂಡಿರ್ಬೇಕು. ಅವರ ವಿಚಾರ ನಮಗೆ ಒಪ್ಪಿಗೆ ಇಲ್ಲ ಅನ್ನು, ಆದ್ರೂ ಕರುಳು ಚುರ್ ಅನ್ನುತ್ತೆ ನೋಡು. ಅಯ್ಯೋ, ಎಲ್ಲಿಗೆ ಹೊರಟೆ?"

"ಗಾಳಿಗೆ," ಎಂದಳು ವರ್ನಾ.

ಸ್ವಯಂಸೇವಕರ ಕೆಂಪು ಏಪ್ರನ್ ಮೈಮೇಲೇ ಇತ್ತು. ಜೇಬಿನಲ್ಲಿ ಕಪ್ಪು ಬಣ್ಣದ ಡಬ್ಬಿ. ಎರಡು ಕಾವಲು ದಾಟಿ ಬೀದಿಗೆ ಬಂದ ಮೇಲಷ್ಟೇ ಕೈಯಲ್ಲಿ ಇನ್ನೂ ಬ್ರಷ್ ಇರುವುದು ಅವಳಿಗೆ ಗೊತ್ತಾದದ್ದು. ಆಗಸ್ಟಿನ ಸೆಕೆ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಬಡಿಯಿತು. ಕಬ್ಬಿಣದ ಬೇಲಿ ಸೊಂಟದೆತ್ತರ ಇತ್ತು, ಅದರ ಈಚೆ ಪೊಲೀಸರು. ಕೆಂಪು ಏಪ್ರನ್ ಕಂಡೊಡನೆ ಬೇಲಿಯೊಳಗಿನ ಹುಡುಗಿಯೊಬ್ಬಳು, "ದಾರಿ ತಪ್ಪಿದ್ರಾ ಅಜ್ಜಿ? ನಿಮ್ಮ ಜಾತ್ರೆ ಆ ಕಡೆ!" ಎಂದು ಕೂಗಿದಳು. ಹತ್ತು ಜನ ನಕ್ಕರು.

ಲೋಯಿಸ್ ನಗಲಿಲ್ಲ. "ಏನು, ಪಕ್ಕದ ಮನೆಯವರು ಇಷ್ಟು ದೂರ ಬಂದ್ರಿ?" ಎಂದಳು.

ಈ 'ಬಂದ್ರಿ' ವರ್ನಾಳನ್ನು ಹೊಡೆದಷ್ಟು ನೋಯಿಸಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. "ನಿನ್ನ ಬೋರ್ಡು ಟಿವೀಲಿ ಬಂತು. ಓದೋಕಾಗಲ್ಲ."

"ನಿಮ್ಮ ಪಕ್ಷದೋರಿಗೆ ಓದೋಕೆ ಯಾವತ್ತು ಬಂತು?"

"ಔಷಧಿ ತಗೋತಿದ್ದೀಯಾ?"

"ತಗೋತಿದ್ದೀನಿ."

"ಈ ಬಿಸಿಲಲ್ಲಿ ಎಷ್ಟು ಹೊತ್ತಿಂದ ನಿಂತಿದ್ದೀಯ?"

"ನಿಂಗ್ಯಾಕೆ? ಒಳಗೆ ಹೋಗು. ಬರೆಯೋ ಕೆಲಸ ಬಹಳ ಇರುತ್ತಲ್ಲ ನಿಮಗೆ, ಒಂದು ಗಂಡು ಒಂದು ಹೆಣ್ಣು ಅಂತ. ದೂರದಿಂದಲೇ ಗುರುತು ಹಿಡಿದೆ ನಿನ್ನ ಅಕ್ಷರಾನ, ನಿನ್ನೆ ಟಿವೀಲಿ. ಎಷ್ಟು ಮುದ್ದಾಗಿ ಬರೆದಿದ್ದೀಯ, ಮಹಾತಾಯಿ!"

ವರ್ನಾ ತಲೆ ತಗ್ಗಿಸಿದಳು. ಹಾಗೇ ಫಲಕದ ಕಡೆ ಬ್ರಷ್ ಚಾಚಿ, "ಅಲ್ಲಿ ಯಾಕೆ ಖಾಲಿ ಬಿಟ್ಟಿದ್ದೀಯ?" ಎಂದಳು.

"ಮಾತು ಕೊಟ್ಟಿದ್ದೆನಲ್ಲ. ನಿನ್ನ ಹೆಸರು ಬೀದಿಗೆ ತರಲ್ಲ ಅಂತ. ಮೂವತ್ತೊಂದು ವರ್ಷ ತಂದಿಲ್ಲ, ಇವತ್ತೂ ತರಲಿಲ್ಲ."

"ನೋಡಿದೋರು ನಾನು ಸತ್ತೋಗಿದ್ದೀನಿ ಅಂದ್ಕೋತಾರೆ."

"ಅಂದ್ಕೊಂಡ್ರು," ಎಂದಳು ಲೋಯಿಸ್. ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಬೆಳಿಗ್ಗೆ ಮೂರು ಜನ ಬಂದು ಕೈ ಹಿಡ್ಕೊಂಡು ಸಮಾಧಾನ ಹೇಳಿದ್ರು. ಒಬ್ಬಳು ಅತ್ತೂಬಿಟ್ಟಳು. ಎಷ್ಟು ದಿನ ಆಯ್ತು ಅಂತ ಕೇಳಿದಳು. ನಾಲ್ಕು ತಿಂಗಳು ಅಂದೆ."

ವರ್ನಾ ಆ ಖಾಲಿ ಜಾಗವನ್ನು ನೋಡಿದಳು. ಇಷ್ಟು ದಿನ ತನ್ನ ಖಾಲಿ ಮನೆಯನ್ನಷ್ಟೇ ನೋಡಿಕೊಂಡು ಕೊರಗಿದ್ದಳು. ಕೊಲ್ಲಿಯ ಆ ದಂಡೆಯಲ್ಲಿ ಒಬ್ಬಳು ತನಗಾಗಿ ಸೂತಕ ಹಿಡಿದು ಕೂತಿದ್ದಾಳೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಕೊಡು ಇಲ್ಲಿ," ಎಂದಳು.

"ಮೇಡಂ, ಬೇಲಿ ದಾಟಿಸಿ ಏನೂ ಕೊಡೋ ಹಾಗಿಲ್ಲ, ತಗೊಳ್ಳೋ ಹಾಗೂ ಇಲ್ಲ," ಎಂದ ಪಕ್ಕದ ಪೊಲೀಸಿನವನು.

"ದಾಟಿಸಲ್ಲಪ್ಪ. ಬೇಲಿ ಮೇಲೆ ಇಡ್ತಾಳೆ. ಇಡೇ ಲೋಯಿಸ್, ಮಟ್ಟಸವಾಗಿ ಇಡು."

"ಏನು ಮಾಡ್ತೀಯ?"

"ನಿಂಗೆ ಕಣ್ಣಿಲ್ವಾ? ಬರೀತೀನಿ."

"ಬೇಡ ವರ್ನಾ. ನನ್ನ ಮೇಲೆ ಮರುಕ ಬಂದು ಬರೆಯೋದಾದ್ರೆ ಬೇಡವೇ ಬೇಡ. ನಾಳೆ ನಿನ್ನೋರು ಮುಖ ತಿರುಗಿಸಿದಾಗ ಅತ್ಕೊಂಡು ಬರ್ತೀಯ, ನನ್ನಿಂದ ಆಯ್ತು ಅಂತೀಯ."

"ಅಳ್ತೀನಿ. ಖಂಡಿತ ಅಳ್ತೀನಿ. ಜಗಳಾನೂ ಆಡ್ತೀನಿ," ಎಂದಳು ವರ್ನಾ. "ನೀನಿಲ್ದೆ ನನ್ನ ಕೈಲಾಗ್ತಿಲ್ಲ ಕಣೇ. ಫಲಕ ಇಡು."

ಲೋಯಿಸ್ ಅವಳನ್ನು ದಿಟ್ಟಿಸಿದಳು. ಆಮೇಲೆ ಫಲಕವನ್ನು ಬೇಲಿಯ ಕಂಬಿಯ ಮೇಲೆ ಅಡ್ಡಡ್ಡ ಮಲಗಿಸಿದಳು, ಅರ್ಧ ಆಚೆ, ಅರ್ಧ ಈಚೆ. ಒಂದು ತುದಿಯನ್ನು ತಾನೇ ಹಿಡಿದಳು.

ಊರಿನ ಸಾವಿರ ಹೆಸರು ಬರೆದಿದ್ದಳು ವರ್ನಾ. ಕಟುಕನ ಹೆಸರು, ವಕೀಲನ ಹೆಸರು, ಗೆದ್ದವರ ಸೋತವರ ಹೆಸರು. ತನ್ನದನ್ನು ಒಂದು ಸಲವೂ ಬ್ರಷ್ಷಿನಲ್ಲಿ ಬರೆದಿರಲಿಲ್ಲ. ಬೋರ್ಡು ಬರೆಯುವವರು ಅದಕ್ಕೆ ಸಹಿ ಹಾಕುವುದಿಲ್ಲವಷ್ಟೆ. ಮೊದಲ ಗೆರೆ ಎಳೆಯುವಾಗ, ಎಡಗೈಯಲ್ಲೂ ಬಾರದ ಸೊಟ್ಟ ಈಗ ತಾನಾಗಿ ಬಂತು. ಅವಳು ತಿದ್ದಲಿಲ್ಲ.

"ವರ್ನಾ ಅಂತ ಬರೆದ್ರೆ ಸಾಕು," ಎಂದಳು ಲೋಯಿಸ್ ಮೆಲ್ಲಗೆ. "ವರ್ನಾಗಳು ಬೇಕಾದಷ್ಟು ಜನ ಇದ್ದಾರೆ. ಯಾರು ಅಂತ ಗೊತ್ತಾಗಲ್ಲ."

"ಗೊತ್ತಾಗ್ಲಿ," ಎಂದು ವರ್ನಾ ಅಪ್ಪನ ಮನೆತನದ ಹೆಸರನ್ನೂ ಸೇರಿಸಿದಳು. ವರ್ನಾ ಟಿಲೆಟ್ಸನ್. ಮೂವತ್ತು ವರ್ಷ ಜಿಲ್ಲಾ ಪಕ್ಷದ ಖಜಾಂಚಿಯಾಗಿದ್ದವನ ಹೆಸರು. ಊರಿನ ಹಳಬರೆಲ್ಲ ಬಲ್ಲ ಹೆಸರು.

"ವರ್ನಾ! ಬಾಗಿಲು ಹಾಕ್ತಿದ್ದಾರೆ! ಮೂರಕ್ಕೆ ಐದು ನಿಮಿಷ!"

ಪಾಸನ್ನು ಕೈಯಲ್ಲಿ ಆಡಿಸುತ್ತ ಪೆಗ್ಗಿ ಬೀದಿ ದಾಟಿ ಓಡಿ ಬರುತ್ತಿದ್ದಳು. ಹತ್ತಿರ ಬಂದು ನಿಂತಳು. ಫಲಕವನ್ನು ಓದಿದಳು. ಲೋಯಿಸ್‌ಳನ್ನು ನೋಡಿದಳು, ವರ್ನಾಳನ್ನು ನೋಡಿದಳು, ಮತ್ತೆ ಓದಿದಳು. ಪಾಸ್ ಆಡಿಸುತ್ತಿದ್ದ ಕೈ ಕೆಳಗಿಳಿಯಿತು.

"ನೀನು ಯಾವತ್ತೂ ಹೇಳಲೇ ಇಲ್ಲ," ಎಂದಳು ಕೊನೆಗೆ.

"ಇಲ್ಲ," ಎಂದಳು ವರ್ನಾ. "ತಪ್ಪಾಯ್ತು." ಅದನ್ನು ಯಾರಿಗೆ ಹೇಳಿದಳೆಂದು ಪೆಗ್ಗಿಗೆ ಗೊತ್ತಾಗಲಿಲ್ಲ, ವರ್ನಾ ನೋಡುತ್ತಿದ್ದದ್ದು ಬೇಲಿಯ ಆಚೆಗೆ.

ಪೆಗ್ಗಿ ಪಾಸನ್ನು ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಳು. ಕೊಡುತ್ತಾಳೋ ಹರಿಯುತ್ತಾಳೋ ಅನ್ನುವಂತಿತ್ತು. ಎರಡನ್ನೂ ಮಾಡದೆ, ಕಣ್ಣು ಒರೆಸಿಕೊಳ್ಳುತ್ತ ತಿರುಗಿ ನಡೆದಳು. ಅವಳು ಒಳಗೆ ಹೋದ ಮೇಲೆ ಗಾಜಿನ ಬಾಗಿಲು ಮುಚ್ಚಿತು.

ಲೋಯಿಸ್ ಫಲಕವನ್ನು ಎತ್ತಲು ಹೋದಳು.

"ಎತ್ತಬೇಡ! ಹಸಿ ಇದೆ, ಬಣ್ಣ ಇಳಿದುಬಿಡುತ್ತೆ. ಹೀಗೇ ಹಿಡ್ಕೊಂಡಿರಬೇಕು."

"ಎಷ್ಟು ಹೊತ್ತು?"

"ಈ ತೇವದ ಹವೆಗೆ ಅರ್ಧ ಗಂಟೆಯಾದ್ರೂ ಬೇಕು."

"ಕೈ ನೋಯುತ್ತಲ್ಲೇ."

"ನೋಯ್ಲಿ."

ಕೊಲ್ಲಿಯ ಕಡೆಯಿಂದ ಗಾಳಿ ಎದ್ದಿತು. ಫಲಕ ಒಮ್ಮೆ ಪಟಪಟಿಸಿತು, ಇಬ್ಬರೂ ಎರಡು ತುದಿಯಿಂದ ಅದನ್ನು ಒತ್ತಿ ಹಿಡಿದರು. ನಾಲ್ಕಾರು ದಪ್ಪ ಹನಿಗಳು ಬಿದ್ದವು. ಜನ ಕೊಡೆ ಬಿಚ್ಚಿದರು, ಕೆಲವರು ಮರದಡಿಗೆ ಓಡಿದರು. ಲೋಯಿಸ್ ಟೋಪಿ ತೆಗೆದು ಎಸೆದು, ಹಸಿ ಅಕ್ಷರಗಳಿಗೆ ಮೈ ತಾಗದಂತೆ ಅವುಗಳ ಮೇಲೆ ಬಾಗಿದಳು. ಈ ಕಡೆಯಿಂದ ವರ್ನಾಳೂ ಬಾಗಿದಳು. ಇಬ್ಬರ ಬೆನ್ನೂ ತೊಯ್ಯತೊಡಗಿತು. ಬೇಲಿಯ ಮೇಲೆ ಎರಡು ಬಿಳಿ ತಲೆಗಳು ಒಂದಕ್ಕೊಂದು ತಾಗಿದವು, ಯಾರೂ ಹಿಂದೆ ಸರಿಯಲಿಲ್ಲ.