ಕೇಳಿ ಕಲಿತ ದನಿ

"ಇಲ್ಲೇ ಇದೀನಿ ಮಾರಾಯ್ತಿ, ಎಲ್ಲಿ ನೋಡ್ತಿದ್ದೀಯ?"

ಶಿವಮೊಗ್ಗ ರೈಲು ನಿಲ್ದಾಣದಲ್ಲಿ ಇಳಿದು ಬರುತ್ತಿದ್ದವರ ನಡುವೆ ಒಂದು ವಿದೇಶಿ ಮುಖವನ್ನು ಹುಡುಕುತ್ತಿದ್ದ ಸುಷ್ಮಾ ಬೆಚ್ಚಿ ಹಿಂದಕ್ಕೆ ತಿರುಗಿದಳು. ಬೆಚ್ಚಿದ್ದು ಕನ್ನಡ ಕೇಳಿ ಅಲ್ಲ, ದನಿ ಕೇಳಿ. ಅದು ಅವಳದೇ ದನಿ. ಸ್ವಲ್ಪ ಒಡೆದ, ವಾಕ್ಯದ ಕೊನೆಗೆ ಉಸಿರು ಸಾಲದೆ ಕುಸಿಯುವ ದನಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ಹೇಳಿ ಗಂಟಲು ಹಾಗಾಗಿತ್ತು. ಹಿಂದೆ ನಿಂತಿದ್ದವಳು ಎತ್ತರದ ಹೆಂಗಸು, ಹುಬ್ಬಿನ ಕೂದಲೂ ಬೆಳ್ಳಗೆ. ಫೋಟೋದಲ್ಲಿ ನೋಡಿದ್ದ ರೂತಾಳೇ.

ರೂತಾ ಲಿಥುವೇನಿಯಾದವಳು. ಕಲ್ಲಿನ ಮೇಲೆ, ಗೋಡೆಯ ಮೇಲೆ ಬೆಳೆಯುವ ಪಾಚಿಯನ್ನು ಗುರುತಿಸುವವರ ಆನ್‌ಲೈನ್ ಗುಂಪೊಂದರಲ್ಲಿ ಇಬ್ಬರಿಗೂ ಪರಿಚಯ. ಕನ್ನಡ ಕಲಿಸು ಎಂದು ಅವಳೇ ಕೇಳಿದ್ದಳು. ಸುಷ್ಮಾ ಸಂಜೆ ಆಲ್ಕೊಳದ ಮನೆಗೆ ಬಂದ ಮೇಲೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ರೂತಾಳ ಉತ್ತರ ಮಾತ್ರ ಯಾವಾಗಲೂ ಬರಹದಲ್ಲಿ; ತನ್ನ ದನಿ ಚೆನ್ನಾಗಿಲ್ಲ ಎಂಬುದು ಅವಳ ನೆಪ. ಮೊದಮೊದಲು ಲೋಟ, ತಟ್ಟೆ, ಬಸ್ಸು ಎಂದು ನಿಧಾನ ಪಾಠ ನಡೆಯಿತು. ಆಮೇಲೆ ಪಾಠ ಹೋಗಿ ಬರೀ ಮಾತು ಉಳಿಯಿತು. ಭಾಷೆ ಅರ್ಧ ತಿಳಿಯದವರ ಮುಂದೆ ಏನನ್ನು ಹೇಳಿದರೂ ಬಾವಿಯೊಳಗೆ ಹೇಳಿದ ಹಾಗೆ ಎಂದು ಸುಷ್ಮಾ ಅಂದುಕೊಂಡಿದ್ದಳು.

ಅವಳಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ವಿಷಯ. ಕಳೆದ ವರ್ಷ ಅಪ್ಪ ಪುಟ್ಟಯ್ಯ ಆಸ್ಪತ್ರೆಯಲ್ಲಿದ್ದಾಗ, ಇನ್ನು ಉಸಿರಾಟದ ಯಂತ್ರ ತೆಗೆಯಬಹುದು ಎಂದು ಒಪ್ಪಿಗೆ ಕೊಟ್ಟವಳು ಸುಷ್ಮಾ. ಅವ್ವ ಕರಿಯಮ್ಮ ಆಗ ತವರೂರು ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಗಂಡನ ಬಾಯಿಗೆ ಬಿಡಲು ಒಂದು ಗಿಂಡಿ ಹೊಳೆನೀರು ಹಿಡಿದುಕೊಂಡು. ಅವಳು ತಲುಪುವಷ್ಟರಲ್ಲಿ ಮುಗಿದಿತ್ತು. ಅಂದಿನಿಂದ ಅವಳು ಮಗಳೊಡನೆ ಮಾತು ಬಿಟ್ಟಳು. ಭಾನುವಾರ ಭದ್ರಾವತಿಯ ಅವ್ವನ ಮನೆಗೆ ಹೋದರೆ ಮಗ ದುಷ್ಯಂತನ ಕಡೆ ತಿರುಗಿ, "ಅವಳಿಗೆ ಅನ್ನ ಬಡಿಸು," ಎನ್ನುತ್ತಿದ್ದಳು.

ನಿಲ್ದಾಣದಿಂದ ನೇರ ಅವ್ವನ ಮನೆಗೆಂದು ಹತ್ತಿದ ಭದ್ರಾವತಿಯ ಬಸ್ಸಿನಲ್ಲಿ ರೂತಾ ಕಿಟಕಿಯ ಪಕ್ಕ ಕುಳಿತಳು. ಒಬ್ಬರನ್ನೇ ಕೇಳಿ ಕಲಿತವರಿಗೆ ಆ ಒಬ್ಬರ ಉಚ್ಚಾರಣೆಯೇ ಬರುವುದು ಸಹಜ, ಕಾಜಾಣ ಬೇರೆ ಹಕ್ಕಿಯ ಕೂಗು ಕಲಿಯುವುದಿಲ್ಲವೇ ಎಂದು ಸುಷ್ಮಾ ತನಗೆ ತಾನೇ ವಿವರಿಸಿಕೊಂಡಳು. ಪರೀಕ್ಷಿಸಲೆಂದೇ ಕೇಳಿದಳು, "ನಿಮ್ಮೂರಲ್ಲಿ ಚಳಿ ಶುರುವಾಯ್ತಾ?"

ರೂತಾ ಯೋಚಿಸಿ, "ಕರೆಂಟ್ ಹೋಗಿದೆ ಕಣೆ. ಸೊಳ್ಳೆ ಬೇರೆ. ಆಮೇಲೆ ಮಾತಾಡ್ತೀನಿ," ಎಂದಳು.

ಸುಷ್ಮಾ ನಗಲು ಹೋದಳು, ಆಗಲಿಲ್ಲ. ಅದು ಎಂದೋ ಒಂದು ಸಂಜೆ ಅವಳೇ ಆಡಿ ಕಳಿಸಿದ ಮಾತು. ಇಂಗ್ಲಿಷಿನಲ್ಲಿ ಕೇಳಿದಾಗ ರೂತಾ ತನ್ನ ಊರಿನ ಹಿಮ, ತನ್ನ ಬೆಕ್ಕು, ಎಲ್ಲ ಹೇಳಿದಳು. ಆಗ ದನಿ ತೆಳ್ಳಗಿತ್ತು, ಬೇರೆ ಯಾರದೋ ಆಗಿತ್ತು. ಕನ್ನಡಕ್ಕೆ ಬಂದೊಡನೆ ಮತ್ತೆ ಸುಷ್ಮಾ.

ಟಿಕೆಟ್ ಕೊಡಲು ಹಿಂದಿನಿಂದ ಬಂದ ಕಂಡಕ್ಟರ್ ಇಬ್ಬರನ್ನೂ ನೋಡಿದ. "ಏನ್ ಮೇಡಂ, ಒಬ್ರೇ ಕೂತ್ಕೊಂಡು ಇಬ್ಬರ ಮಾತೂ ಆಡ್ತಿದ್ದೀರಾ ಅನ್ಕೊಂಡೆ."

"ಚಿಲ್ಲರೆ ಇಲ್ಲಪ್ಪ," ಎಂದಳು ರೂತಾ, ಸುಷ್ಮಾಳ ಬೇಸರದಲ್ಲೇ. ಕಂಡಕ್ಟರ್ ನಕ್ಕ.

ಕಾರ್ಖಾನೆಯವರ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ ಅವ್ವನ ಮನೆ. ಆ ವಾರವಷ್ಟೇ ಅವಳ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಅದಕ್ಕೆ ಪಟ್ಟಿ ಕಟ್ಟಿದ್ದರು. ಇನ್ನೊಂದು ಕಣ್ಣಿಗೆ ಕಾಣುತ್ತಿದ್ದದ್ದು ಬರೀ ನೆರಳು. ಗೇಟಿನ ಹತ್ತಿರ ಬರುವಾಗ ದುಷ್ಯಂತನ ಫೋನ್ ಬಂತು. ಅವನು ಕೆಲಸದಲ್ಲಿದ್ದ. "ಅಕ್ಕ, ಡ್ರಾಪ್ಸ್ ತಂದ್ಯಾ? ನಿನ್ನ ಫಾರಿನ್ ಫ್ರೆಂಡ್ ಬರ್ತಾರೆ ಅಂತ ಅವ್ವಂಗೆ ಹೇಳಿದೀನಿ. ಉತ್ತರ ಏನೂ ಕೊಡ್ಲಿಲ್ಲ." ಸುಷ್ಮಾ ಮಾತಾಡುತ್ತ ಅಲ್ಲೇ ನಿಂತಳು. ರೂತಾ ಚಪ್ಪಲಿ ಬಿಟ್ಟು ಒಳಗೆ ಹೋದಳು.

"ಅವ್ವ, ಕಣ್ಣು ಉರೀತಿದ್ಯಾ?"

ಸುಷ್ಮಾ ಫೋನ್ ಕೆಳಗಿಳಿಸಿದಳು. ಒಳಗಿನಿಂದ ಉತ್ತರ ಬರಲಿಲ್ಲ. ತನಗೆ ಸಿಗುವ ಮೌನವೇ ಅದು, ಅವಳಿಗೆ ಗುರುತು ಹತ್ತಿತು. ಸ್ವಲ್ಪ ಹೊತ್ತಿನ ಮೇಲೆ ಅವಳದೇ ದನಿ ಒಳಗೆ ಮತ್ತೆ ಮಾತಾಡಿತು.

"ಅಪ್ಪನ ಬಾಯಿಗೆ ನಾನೇ ನೀರು ಬಿಟ್ಟೆ ಅವ್ವ. ಬಾಟ್ಲಿ ಮುಚ್ಚಳದಲ್ಲಿ. ನಿನ್ನ ಹೆಸರು ಹೇಳಿ ಬಿಟ್ಟೆ. ಸ್ವಲ್ಪ ಒಳಗೆ ಹೋಯ್ತು. ಸ್ವಲ್ಪ ಕೆನ್ನೆ ಮೇಲೆ ಇಳೀತು..."

ಅಲ್ಲೊಮ್ಮೆ ಮೂಗು ಎಳೆದ ಸದ್ದು. ಅವ್ವನಿಗೆ ಹೇಳಲಾಗದ್ದನ್ನು ಹೀಗೆ ರೂತಾಳಿಗೆ ರೆಕಾರ್ಡ್ ಮಾಡಿ ಕಳಿಸುವಾಗ ಸುಷ್ಮಾ ಅಳು ತಡೆದುಕೊಂಡದ್ದು ಅಲ್ಲೇ.

"...ನಾನು ಒರೆಸ್ಲಿಲ್ಲ."

ಸಾಯುವವರ ಬಾಯಿಗೆ ನೀರು ಬಿಡುವಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಮನೆಯವರೊಡನೆ ವಾದಿಸುತ್ತಲೇ ಬೆಳೆದವಳು, ಆ ಮುಚ್ಚಳದ ನೀರಿನ ಮಾತನ್ನು ಅವ್ವನ ಎದುರು ಎತ್ತಲಾರದೆ ಹೋಗಿದ್ದಳು. ಅವಳು ಬಾಗಿಲಿಗೆ ಬಂದಳು. ಕರಿಯಮ್ಮ ಮಂಚದ ಮೇಲೆ ಕುಳಿತಿದ್ದಳು, ಎದುರಿಗೆ ರೂತಾ.

"ಇಷ್ಟು ದಿನ ಬಾಯಿಗೇನು ತುಂಬ್ಕೊಂಡಿದ್ದೆ ಮುಂಡೇದೆ?" ಎಂದಳು ಅವ್ವ. "ನಾನು ದಿನಾ ಸಾಯ್ತಿದ್ದೆ, ಆ ಜೀವ ಒಣಗಿದ ಬಾಯಲ್ಲಿ ಹೋಯ್ತಲ್ಲ ಅಂತ. ಬಾ ಇಲ್ಲಿ. ಕೈ ಕೊಡು."

ರೂತಾ ಕೈ ಕೊಟ್ಟಳು. ಸುಷ್ಮಾಳ ಕಡೆ ನೋಡಿದಳು. ಪಾಠ ಒಪ್ಪಿಸಿದವರ ಶಾಂತ ನೋಟ. ಹೇಳಿದ್ದು ಅವಳಿಗೆ ಅರ್ಥವಾಗಿತ್ತೋ ಇಲ್ಲವೋ, ಆ ಮುಖದಲ್ಲಿ ತಿಳಿಯುವಂತಿರಲಿಲ್ಲ.

"ಅವ್ವ," ಎಂದಳು ಸುಷ್ಮಾ. ದನಿ ಕೀರಲಾಗಿ, ಬೇರೆ ಯಾರದೋ ಎಂಬಂತೆ ಬಂತು.

ಕರಿಯಮ್ಮ ಬಾಗಿಲಿನ ನೆರಳಿನ ಕಡೆ ಮುಖ ತಿರುಗಿಸಿದಳು. ಹೊರಗಿನವರಿಗೆಂದು ಇಟ್ಟುಕೊಳ್ಳುವ ನಗೆ ಅವಳ ಮುಖಕ್ಕೆ ಬಂತು.

"ನಿನ್ನ ಫ್ರೆಂಡಾ ಸುಷ್ಮಾ? ಬಾಮ್ಮ, ಕೂತ್ಕೊ. ನಮ್ಮ ಮಾತು ಚೆನ್ನಾಗೇ ಕಲ್ತಿದ್ದಾಳಂತೆ ಕಣೆ." ಹಿಡಿದಿದ್ದ ರೂತಾಳ ಕೈಯನ್ನು ತಟ್ಟಿ ದನಿ ತಗ್ಗಿಸಿದಳು. "ಅವ್ವ ಅನ್ನೋದು ಮಾತ್ರ ಇನ್ನೂ ನಾಲಗೆಗೆ ಹತ್ತಿಲ್ಲ, ಪಾಪ. ಹೋಗು, ಕಾಫಿ ಮಾಡ್ಕೊಂಡು ಬಾ."

'ನಾನೇ, ಅವ್ವ' ಎಂಬ ಎರಡು ಶಬ್ದ ಸುಷ್ಮಾಳ ನಾಲಗೆಯ ತುದಿಯಲ್ಲಿತ್ತು. ಅವ್ವನ ಮುಖ ನೋಡಿದಳು. ಅಪ್ಪ ಹೋದಮೇಲೆ ಆ ಮುಖ ಇಷ್ಟು ಹಗುರವಾಗಿದ್ದದ್ದನ್ನು ಅವಳು ಕಂಡಿರಲಿಲ್ಲ. ಅವಳು ಕುರ್ಚಿಯ ಅಂಚಿನಲ್ಲಿ ಕುಳಿತಳು.

ರೂತಾ ಅಡುಗೆಮನೆಗೆ ನಡೆದಳು. ಒಲೆ ಹತ್ತಿದ ಸದ್ದಾಯಿತು.

"ಅವ್ವ, ಸಕ್ಕರೆ ಎಲ್ಲಿದೆ?"

"ಅಲ್ಲೇ ಮೇಲೆ ನೋಡು ಮಗಳೆ, ನಿನ್ನ ಕೈಗೆ ಸಿಗೋ ಹಾಗೇ ಇಟ್ಟಿದೀನಿ."

ಕಾಫಿ ಬಂತು. ಅವ್ವನಿಗೆ ಸ್ಟೀಲ್ ಲೋಟ, ಅತಿಥಿಗೆ ಸಾಸರಿನ ಮೇಲೆ ಪಿಂಗಾಣಿ ಕಪ್ಪು. ಸುಷ್ಮಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವ್ವ ಅವಳ ಕಡೆಗೇ ಕಿವಿಯಾನಿಸಿ ಕಾಯುತ್ತಿದ್ದಳು.

"ಥ್ಯಾಂಕ್ ಯೂ," ಎಂದಳು ಸುಷ್ಮಾ, ಒಂದೊಂದೇ ಅಕ್ಷರವನ್ನು ಬಿಡಿಸಿ, ಆ ಮನೆಯಲ್ಲಿ ಯಾರೂ ಯಾರಿಗೂ ಹೇಳದ ಮಾತನ್ನು.