ಬೆಳಕಿಗೆ ಹಿಡಿದ ಹಾಳೆಗಳು

ಇನ್ನೊಂದು ಕೂದಲೆಳೆಯಷ್ಟು ಬಲಕ್ಕೆ ಜರುಗಿಸಿದರೆ ಸಾಕಿತ್ತು. ಜರುಗಿಸಿದ. ಬಲಗಡೆಯ ಮೂಲೆ ಸರಿಹೋಯಿತು, ಎಡಗಡೆಯದು ಕೆಟ್ಟಿತು.

ಕಿಟಕಿಯ ಗಾಜಿನ ಮೇಲೆ ಎರಡು ಪಾರದರ್ಶಕ ಹಾಳೆಗಳು. ಒಂದರಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲ್ಮೈಯ ಗೆರೆಗಳು, ಇನ್ನೊಂದರಲ್ಲಿ ತಳದವು. ತೂತು ಕೊರೆಯಬೇಕಾದ ಕಡೆ ಇರುವ ಚುಕ್ಕೆಗಳು ಎರಡರಲ್ಲೂ ಒಂದರ ಮೇಲೊಂದು ಕೂರಬೇಕು. ಆಮೇಲೆ ಅಂಚಿಗೆ ಟೇಪು ಅಂಟಿಸಿ, ನಡುವೆ ತಾಮ್ರದ ಹಲಗೆ ತೂರಿಸಿ, ಎರಡೂ ಕಡೆ ಬೆಳಕು ಬಿಟ್ಟು ಗೆರೆಗಳನ್ನು ತಾಮ್ರದ ಮೇಲೆ ಮೂಡಿಸಬೇಕು. ಪಾಲಿಟೆಕ್ನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ಇದೇ ಪಾಠ. ಯಾರಾದರೂ ಪ್ರಿಂಟರನ್ನು ದೂರಿದರೆ ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂದು ಇಡೀ ಕ್ಲಾಸನ್ನು ನಗಿಸುತ್ತಿದ್ದ.

"ಹತ್ತೂವರೆಗೆ ಬರೋಕೆ ಹೇಳಿದ್ದಾರೆ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಈಚೆಗೆ ಅವಳ ದನಿ ಜೋರಾಗಿತ್ತು.

"ಐದು ನಿಮಿಷ."

"ಏನಂದ್ರಿ?"

ಅವನು ತಿರುಗಿ ಐದೂ ಬೆರಳು ಬಿಡಿಸಿ ತೋರಿಸಿದ. ಕೈಬಿಟ್ಟ ಹಾಳೆ ಜಾರಿತು.

ರಜೆ ಹಾಕಿದ್ದೇ ಅವಳ ಜೊತೆ ಕಿವಿ ಡಾಕ್ಟರ ಹತ್ತಿರ ಹೋಗುವುದಕ್ಕೆ. ಡಾಕ್ಟರು ಮಾಸ್ಕ್ ಹಾಕಿಕೊಂಡೇ ಮಾತಾಡುತ್ತಾರೆ. ತುಟಿ ಕಾಣದೆ ಅವಳಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆದರೆ ಈ ಬೋರ್ಡೂ ಅವಳಿಗಾಗಿಯೇ ಅಲ್ಲವೇ? ಬಾಗಿಲ ಗಂಟೆ ಬಾರಿಸಿದರೆ ಅಡುಗೆಮನೆಯಲ್ಲಿ ದೀಪ ಹತ್ತಬೇಕು. ದೀಪ ಹತ್ತಿಸುವುದು ಅವನಿಗೆ ಬರುತ್ತಿತ್ತು. ಪಕ್ಕದಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಅವಳ ಮುಖ ನೋಡುತ್ತ ಮತ್ತೆ ಹೇಳುವುದನ್ನು ನೆನೆದರೆ ಬಾಯಿ ಒಣಗುತ್ತಿತ್ತು.

"ನಾನೇ ಹೋಗಿಬರ್ತೀನಿ ಬಿಡಿ."

"ಬರೆಸಿಕೊಂಡು ಬಾ."

ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ತಡೆಯಬೇಕು ಅನ್ನಿಸಿತು. ಕೂಗಿದರೂ ಅವಳಿಗೆ ಕೇಳಿಸುವುದಿಲ್ಲ ಎಂಬುದು ಒಳ್ಳೆಯ ನೆಪವಾಯಿತು.

ಆಮೇಲೆ ಕೆಲಸ ಹೂವೆತ್ತಿದಂತೆ ಸಾಗಿತು. ನೂರಾ ಹನ್ನೆರಡು ಚುಕ್ಕೆಗಳಲ್ಲಿ ಒಂದೂ ಪಕ್ಕಕ್ಕೆ ಸರಿದಿರಲಿಲ್ಲ. ಕೊರೆದ ತೂತುಗಳು ಎರಡೂ ಕಡೆ ನಟ್ಟನಡುವೆಯೇ ಬಿದ್ದವು. ಇಂಥ ಬೋರ್ಡನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಯಾರಿಗಾದರೂ ತೋರಿಸೋಣವೆಂದು ತಿರುಗಿದರೆ ಮನೆಯಲ್ಲಿ ಯಾರೂ ಇರಲಿಲ್ಲ.

ಐಸಿ ಚಿಪ್ಪನ್ನು ಕೂರಿಸಲು ಹೋದಾಗ ಗೊತ್ತಾಯಿತು. ಅದರ ಕಾಲುಗಳು ತೂತಿಗಿಳಿಯುವಂಥವಲ್ಲ, ಮೇಲ್ಮೈಯ ತಾಮ್ರದ ಮೇಲೆಯೇ ಊರಬೇಕು. ಒಂದನೇ ಕಾಲಿನ ಜಾಗದಲ್ಲಿ ಹದಿನಾರನೆಯದರ ಗೆರೆಯಿತ್ತು. ಎರಡು ಹಾಳೆಗಳನ್ನೂ ಅವನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುವುಮುರುವಾಗಿ ಅಚ್ಚು ಹಾಕಿದ್ದ. ಎರಡೂ ಒಟ್ಟಿಗೇ ತಪ್ಪಿದ್ದರಿಂದ ಒಂದಕ್ಕೊಂದು ಅಷ್ಟು ಚೆನ್ನಾಗಿ ಹೊಂದಿದ್ದವು. ಅವನಿಗೆ ನಗು ಬಂತು.

ಹೆಂಡತಿ ಬಂದದ್ದು ಒಂದೂವರೆಗೆ.

"ಏನಂದ್ರು?" ಎಂದ, ಮೇಜಿನಿಂದ ತಲೆಯೆತ್ತದೆ.

ಅವಳು ಕೊಡೆ ಮೂಲೆಗಿಟ್ಟಳು. ಚೀಟಿಯನ್ನು ಅವನ ಮೊಣಕೈ ಪಕ್ಕ ಇಟ್ಟಳು. ಅಕ್ಷರ ಓದುವ ಹಾಗಿರಲಿಲ್ಲ.

"ಏನೇನೋ ಹೇಳಿದ್ರು. ಹೂಂ ಹೂಂ ಅಂದೆ," ಎಂದಳು. ಸ್ವಲ್ಪ ತಡೆದು, "ಒಂದು ಕಾಗದಕ್ಕೆ ಸಹಿ ಮಾಡಿ ಅಂತ ಪೆನ್ನು ಕೊಟ್ರು. ಮಾಡಿಬಂದೆ."

"ಯಾವ ಕಾಗದ?"

ಅವಳು ಅವನ ತಲೆಯ ಹಿಂಭಾಗವನ್ನು ನೋಡುತ್ತ ನಿಂತಿದ್ದಳು. ತಿರುಗಿ ಕೇಳಬೇಕು ಎಂದು ಅವನಿಗೆ ಗೊತ್ತಿತ್ತು. ಚಿಮಟದಲ್ಲಿ ಐಸಿಯನ್ನು ಎತ್ತಿ ಅಂಗಾತ ಮಲಗಿಸಿ ನೋಡಿದ. ಹದಿನಾರು ಕಾಲುಗಳೂ ತಮ್ಮ ತಮ್ಮ ಜಾಗದ ನೇರಕ್ಕೇ ಬಂದವು, ಸೂರಿನ ಕಡೆ ಚಾಚಿಕೊಂಡು, ಒಂದೂ ಹಲಗೆಯನ್ನು ಮುಟ್ಟದೆ.