ರೊಟ್ಟಿ ನಿಲ್ಲಿಸಲು ಜಾಗವಿಲ್ಲದ ಒಲೆ

ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತ ಮುರಿಗೆವ್ವ ಹೊಸ ಒಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ನಿಂತಳು. ಇನ್ನೊಂದು ಹಾಕಿದಳು.

"ಎಲ್ಲಿ ನಿಲ್ಲಸಲ್ರಿ ಇದನ್ನ?"

"ಏನನ್ನ?" ಎಂದ ಚನ್ನಯ್ಯ.

"ರೊಟ್ಟೀನ್ರೀ! ಕೈ ಸುಡಾಕತ್ತೈತಿ, ಲಗೂ ಹೇಳ್ರಿ."

ಚನ್ನಯ್ಯ ತಾನೇ ಮಾಡಿಸಿದ ಒಲೆಯನ್ನು ಹೊಸಬನಂತೆ ನೋಡಿದ. ಸುತ್ತ ದಪ್ಪ ತಗಡು. ಮುಂದೆ ಗಟ್ಟಿಯಾಗಿ ಮುಚ್ಚಿದ ಕಬ್ಬಿಣದ ಬಾಗಿಲು. ಮೇಲೆ ಹಂಚು. ಹಿಂದೆ ಗೋಡೆ ತೂರಿ ಹೊರಗೆ ಹೋದ ಕೊಳವೆ. ಅಡಿಗೆಮನೆಯಲ್ಲಿ ಹೊಗೆ ಒಂದೆಳೆಯೂ ಇರಲಿಲ್ಲ. ರೊಟ್ಟಿ ನಿಲ್ಲಿಸಲು ಜಾಗವೂ ಇರಲಿಲ್ಲ.

"ಹಂಚಿನ ಮ್ಯಾಲೇ ಇರ್ಲಿ ಬಿಡ್ರಿ."

"ಹಂಚಿನ ಮ್ಯಾಲ ಇನ್ನೊಂದ ಬಡದ ಹಾಕಬೇಕಲ್ರಿ! ಬೆಂದದ್ದು ಕೆಂಡದ ಮುಂದ ನಿಂತು ಉಬ್ಬಬೇಕು. ಎಲ್ಲೈತ್ರಿ ಕೆಂಡಾ?"

"ಒಳಗ ಐತಿ."

"ಒಳಗ ಇಟ್ಟು ಬಾಗಲಾ ಜಡದೀಯಲ್ಲೋ ತಮ್ಮಾ!" ಬಾಗಿಲಲ್ಲಿ ನಿಂತಿದ್ದ ಶಿವಲಿಂಗವ್ವ ನಕ್ಕಳು. "ಕೆಂಡಕ್ಕೂ ಕಳ್ಳರ ಕಾಟ ಅಂತ ನನಗ ಗೊತ್ತಿರಲಿಲ್ಲ."

ಹೊರಗೆ ನಡುಮನೆಯಲ್ಲಿ ಮೂವತ್ತು ತಾಟುಗಳ ಮುಂದೆ ಮೂವತ್ತು ಜನ ಕೂತಿದ್ದರು. ಲೋಟ ಬಡಿಯುವ ಸದ್ದು ಶುರುವಾಯಿತು. ಉಬ್ಬದೆ ಬಂದ ರೊಟ್ಟಿ ಮುರಿಯಲಾಗದೆ ಯಾರೋ ಕೂಗಿದರು: "ಅವ್ವಾ, ಇದೇನ ರೊಟ್ಟಿನೋ ಚಪ್ಪಲಿ ಅಟ್ಟಿನೋ?" ಶಿವಲಿಂಗವ್ವನ ನಗು ನಿಂತಿತು. ಹತ್ತು ವರ್ಷಗಳಲ್ಲಿ ಆಕೆಯ ರೊಟ್ಟಿಗೆ ಯಾರೂ ಆ ಮಾತು ಅಂದಿರಲಿಲ್ಲ. ಮೂಲೆಯ ಹಳೇ ಮಣ್ಣಿನ ಒಲೆಗೆ ಹತ್ತಿಕಟ್ಟಿಗೆ ತುರುಕಿ ಊದಿದಳು. ಹೊಗೆ ಎದ್ದಿತು. ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಮ್ಮುತ್ತ, ಅಲ್ಲಿಗೇ ಹೋಗಿ ಕೂತಳು. ಮೊದಲ ರೊಟ್ಟಿ ಕೆಂಡದ ಮುಂದೆ ನಿಂತು ಬುಸ್ಸೆಂದು ಉಬ್ಬಿತು.

ಚನ್ನಯ್ಯನ ಅಂಗಿಯ ಕಿಸೆಯಲ್ಲಿ ಆಗ ಒಂದು ರಾಜೀನಾಮೆ ಪತ್ರವಿತ್ತು. ಮರುದಿನ ಬೆಳಿಗ್ಗೆ ಸಾಹೇಬರ ಮೇಜಿನ ಮೇಲೆ ಇಡಬೇಕೆಂದು ಬರೆದದ್ದು.

ಇದು ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯ ಮಾತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಶಿವಲಿಂಗವ್ವನ ಖಾನಾವಳಿ. ಚನ್ನಯ್ಯ ಇಪ್ಪತ್ನಾಲ್ಕರ ಹುಡುಗ. ಡಿಪ್ಲೊಮಾ ಮುಗಿಸಿ, ಒಂದು ಯಂತ್ರದ ಕಾರಖಾನೆಯಲ್ಲಿ ನಕ್ಷೆ ಬರೆಯುವ ನೌಕರಿ ಹಿಡಿದಿದ್ದ. ಎರಡು ವರ್ಷದಿಂದ ಎರಡೂ ಹೊತ್ತು ಇಲ್ಲೇ ಊಟ. ಊಟಕ್ಕೆ ಕೂತಾಗಲೆಲ್ಲ ಗೋಡೆಯಾಚೆಯಿಂದ ಮುರಿಗೆವ್ವನ ಕೆಮ್ಮು ಕೇಳುತ್ತಿತ್ತು. ಅವಳು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವವಳು. ಸರಕಾರಿ ದವಾಖಾನೆಯ ಡಾಕ್ಟರು ಅವಳ ಕಣ್ಣು ನೋಡಿ, "ಔಷಧ ಕೊಡತೇನವ್ವಾ, ಆದರ ಹೊಗಿ ಬಿಡಬೇಕು" ಅಂದಿದ್ದರಂತೆ. ಹೊಗೆ ಬಿಟ್ಟರೆ ಹೊಟ್ಟೆಗೇನು ಗತಿ? ಆ ಮಾತು ಕೇಳಿದ ರಾತ್ರಿಯೇ ಚನ್ನಯ್ಯ ಹೊಗೆ ಹೊರಗೆ ಹೋಗುವ ಒಲೆಯ ನಕ್ಷೆ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಹುಬ್ಬಳ್ಳಿ ಧಾರವಾಡದ ಎಲ್ಲ ಖಾನಾವಳಿಗಳಲ್ಲೂ ತನ್ನ ಒಲೆ ಉರಿಯುವುದು ಕಣ್ಣಿಗೆ ಕಟ್ಟಿತು. ನೌಕರಿ ಬಿಡಬೇಕು, ಸ್ವಂತ ಕಾರಖಾನೆ ಹಾಕಬೇಕು, ಮೊದಲ ಸಲಕ್ಕೇ ಐವತ್ತು ಒಲೆ!

ಐವತ್ತು ಎಂದವನನ್ನು ತಡೆದವನು ದಸ್ತಗೀರಸಾಬ. ತಗಡಿನ ಟ್ರಂಕು ಮಾಡುವುದರಲ್ಲಿ ಮೂವತ್ತು ವರ್ಷ ಸವೆಸಿದ ಮನುಷ್ಯ, ಈ ಒಲೆಯ ತಗಡು ಬಡಿದವನೂ ಅವನೇ. ಒಲೆ ಸೋತ ಆ ದಿನ ಸಂಜೆ ಚನ್ನಯ್ಯ ಅವನ ಅಂಗಡಿಗೆ ಬಂದು ಕೂತಾಗ, ಸುತ್ತಿಗೆ ಕೆಳಗಿಟ್ಟು ಕೇಳಿದ:

"ಏನ್ರಿ ಇಂಜಿನೇರ ಸಾಹೇಬ್ರ, ಒಲಿ ಹೊಗಿ ಕಾರತೇನು?"

"ಇಲ್ಲ ಕಾಕಾ. ಹೊಗಿ ಇಲ್ಲ. ರೊಟ್ಟಿನೂ ಇಲ್ಲ."

ಎಲ್ಲ ಕೇಳಿ ದಸ್ತಗೀರಸಾಬ ತೊಡೆ ತಟ್ಟಿಕೊಂಡು ನಕ್ಕ. "ಹುಟ್ಟಿದಾಗಿಂದ ರೊಟ್ಟಿ ತಿಂದೀರಿ. ರೊಟ್ಟಿ ಹ್ಯಾಂಗ ಆಗತೈತಿ ಅಂತ ಒಮ್ಮೆರೆ ನೋಡೀರೇನು?"

"ಅಡಗಿಮನಿ ಒಳಗ ಗಂಡಸರು..."

"ಹಾಂ! ಅಡಗಿಮನಿ ಒಳಗ ಗಂಡಸರು ಹೋಗಂಗಿಲ್ಲ, ಅಡಗಿಮನಿ ಒಲಿ ಮಾತ್ರ ಗಂಡಸರು ಮಾಡ್ತೀರಿ! ನಾ ಹೊಸ ನಮೂನಿ ಟ್ರಂಕ ಮಾಡೂದಿದ್ರ ಮೊದಲ ಕೇಳೂದು, ಇದನ್ನ ಎತ್ತವರು ಯಾರು, ಅಂತ. ಹಮಾಲ ಎತ್ತಿದ್ರ ಹಿಡಕಿ ಬ್ಯಾರೆ, ಹೆಣ್ಣಮಗಳು ಎತ್ತಿದ್ರ ಬ್ಯಾರೆ. ಐವತ್ತ ಒಲಿ ಅಂದಿದ್ರಿ. ಅಲ್ಲಾನ ದಯೆ, ಒಂದs ಮಾಡಿದ್ವಿ. ಈಗ ಕೆಟ್ಟದ್ದು ಒಂದs."

ಚನ್ನಯ್ಯ ಕಿಸೆಯಿಂದ ಪತ್ರ ತೆಗೆದು ತೋರಿಸಿದ. ದಸ್ತಗೀರಸಾಬನಿಗೆ ಓದು ಬರದು. ಏನೆಂದು ಕೇಳಿ ತಿಳಿದುಕೊಂಡ.

"ನೀವು ಹಳ್ಳ್ಯಾಗ ಬಾವ್ಯಾಗ ಈಸಾಕ ಕಲ್ತೀರಲ್ರಿ?"

"ಕಲ್ತೇನಿ."

"ಬೆನ್ನಿಗೆ ತೇಲಾಕ ಈಸಗುಂಬಳ ಕಟ್ಟಿದ್ರಿಲ್ಲೊ? ಕಾಲ ಬಡ್ಯೂದು ಬರೂಕಿಂತ ಮೊದಲ ಅದನ್ನ ಯಾರರೆ ಬಿಚ್ಚತಾರೇನು? ನೌಕರಿ ಅಂದ್ರ ಅದs. ಬಿಚ್ಚಬ್ಯಾಡಂತ ಅನ್ನೂದಿಲ್ಲ ನಾ. ಈಗ ಬಿಚ್ಚಬ್ಯಾಡ್ರಿ. ರವಿವಾರ ನಿಮ್ಮದು ಐತಲ್ಲ? ರವಿವಾರ ಕೂಡೂಣು. ಮತ್ತ ನಿಮ್ಮ ಸಾಹೇಬರಿಗೆ ಹೇಳಿ ಮಾಡ್ರಿ. ಕದ್ದ ಮಾಡಿದ ಕೆಲಸಕ್ಕ ಬರಕತ್ತ ಇಲ್ಲ, ಏಳಿಗಿ ಇಲ್ಲ."

ಸಾಹೇಬರಿಗೆ ಹೇಳಲು ಚನ್ನಯ್ಯ ಒಂದು ವಾರ ಹೆದರಿದ. ಅವರು ಕನ್ನಡಕ ತೆಗೆದಿಟ್ಟು ಕೇಳಿದರು. "ರವಿವಾರ ನಿಮ್ಮದು. ಆದರೆ ಕಾರಖಾನೆಯ ಒಂದು ಚೂರು ತಗಡೂ ಆಚೆ ಹೋಗಕೂಡದು, ನಿಮ್ಮ ಒಲೆ ಕಾರಖಾನೆಯ ಹೊತ್ತಿನಲ್ಲಿ ಒಳಗೆ ಬರಕೂಡದು" ಎಂದರು. ಬಾಗಿಲ ತನಕ ಹೋದವನನ್ನು ಮತ್ತೆ ಕರೆದು, ಕೊಳವೆ ಎಷ್ಟು ಎತ್ತರ ಇಟ್ಟಿದ್ದೀರಿ ಎಂದು ಕೇಳಿದರು. ಚನ್ನಯ್ಯ ಹೇಳಿದ. "ಸಾಲದು" ಎಂದರು ಅವರು. ಅಷ್ಟೇ. ಆ ಒಂದು ಮಾತು ಅವನಿಗೆ ಆರು ತಿಂಗಳ ಶ್ರಮ ಉಳಿಸಿತು.

ಆದರೆ ಅಪ್ಪ ಗುರುಸಿದ್ದಯ್ಯ ಸಾಹೇಬರಂಥವರಲ್ಲ. ನವಲಗುಂದದ ಕಡೆಯ ಹಳ್ಳಿಯಲ್ಲಿ ಸಾಲಿ ಮಾಸ್ತರರಾಗಿದ್ದರು. ಸಂತೆಗೆ ಬಂದವರು ಖಾನಾವಳಿಯಲ್ಲೇ ಸುದ್ದಿ ಕೇಳಿದರು. ಶಿವಲಿಂಗವ್ವ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವಳಲ್ಲ.

"ಕುರ್ಚಿ ಬಿಟ್ಟು ಒಲಿ ಮುಂದ ಕೂಡಾಂವನೋ ನೀ? ಹೆಣ್ಣ ಕೊಡವರು ಮನಿಗೆ ಬಂದು, ಮಗಾ ಏನ ಮಾಡತಾನ್ರಿ ಅಂದ್ರ ಏನ ಹೇಳ್ಲಿ? ಒಲಿ ಹೂಡ್ಯಾನ ಅನ್ಲೇನು?"

"ಬಿಟ್ಟಿಲ್ಲಪ್ಪಾ. ನೋಡಾಕತ್ತೇನಿ."

"ಬಿಡಾಂವಾ ಇದ್ದೀ!"

"ಇದ್ದೆ. ಕಾಕಾ ತಡದ್ರು."

"ಯಾವ ಕಾಕಾ?" ಎಂದರು ಗುರುಸಿದ್ದಯ್ಯ. ಆಮೇಲೆ ಟ್ರಂಕಿನ ಅಂಗಡಿಗೆ ಒಬ್ಬರೇ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ, ಬಸ್ಸು ಹತ್ತುವಾಗ ಇಷ್ಟೇ ಅಂದರು: "ನಾ ಒಪ್ಪಿಲ್ಲ. ಆದರ ಆ ಮನಶಾ ಶ್ಯಾಣ್ಯಾ ಅದಾನ."

ಮುಂದಿನ ರವಿವಾರ ಚನ್ನಯ್ಯ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತ. ಮುರಿಗೆವ್ವನಿಗೆ ನಾಚಿಕೆ, ಇನ್ನೂರು ರೊಟ್ಟಿಯಲ್ಲಿ ಹತ್ತು ಹರಿದವು. ಎರಡನೆಯ ರವಿವಾರ ನಾಚಿಕೆ ಹೋಗಿ ಬಾಯಿ ಬಂತು.

"ನಿಮ್ಮ ಒಲಿ ಎದಿ ಮಟ ಐತಿ. ನಾ ನಿಂತು ರೊಟ್ಟಿ ಬಡೀಲೇನು, ಹೊಲದಾಗಿನ ಬೆರಚಪ್ಪನ ಗತೆ?"

"ಮತ್ತ ಎಷ್ಟ ಎತ್ತರ ಬೇಕ್ರಿ?"

"ಕೂತಾಗ ಮೊಣಕೈ ಮಟ. ಹಂಚಿಗೆ ಕೈ ತಾನs ಹೋಗಬೇಕು, ನಾ ನೋಡಬಾರದು."

ಚನ್ನಯ್ಯ ಬರೆದುಕೊಂಡ. ಹತ್ತಿಕಟ್ಟಿಗೆ ಉದ್ದ, ಮುರಿದು ಹಾಕಲು ಪುರುಸೊತ್ತಿಲ್ಲ, ಬರೆದುಕೊಂಡ. ಕೆಂಡದ ಮುಂದೆ ಒಂದಲ್ಲ, ಮೂರು ರೊಟ್ಟಿ ಸಾಲಾಗಿ ನಿಲ್ಲಬೇಕು, ಬರೆದುಕೊಂಡ. ಒಂದು ರೊಟ್ಟಿ ತಾನೇ ಬಡಿಯಲು ಹೋದಾಗ ಅದು ಹಿಟ್ಟು ನಾದುವ ಮರದ ಕೊಣಮಿಗೆಯನ್ನು ಬಿಟ್ಟು ಮೇಲೇಳಲೇ ಇಲ್ಲ. ಮುರಿಗೆವ್ವ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಕೆಮ್ಮು ನಿಂತ ಮೇಲೆ ಅವನ ಕೈ ಹಿಡಿದು ಹಿಟ್ಟಿನ ಮೇಲಿಟ್ಟು, "ಒತ್ತಬ್ಯಾಡ್ರಿ. ತಿರಗಸ್ರಿ" ಎಂದು ಕಲಿಸಿದಳು. ಕಾಲೇಜಿನಲ್ಲಿ ಕಲಿಸಿದವರಿಗೆಲ್ಲ ಚನ್ನಯ್ಯ ಕೈ ಮುಗಿದವನೇ. ಮನಸ್ಸಿನಲ್ಲೇ ಆ ಸಾಲಿನಲ್ಲಿ ಇವಳನ್ನೂ ಕೂರಿಸಿದ.

ಎರಡನೆಯ ಒಲೆಯ ಕೊಳವೆ ಎತ್ತರವಾಗಿತ್ತು, ಮುಂದೆ ಕೆಂಡದ ತಟ್ಟೆ ಇತ್ತು, ಅಂಗೈ ಅಗಲ ಮಾತ್ರ ತೆರೆಯುವ ಬಾಗಿಲಿತ್ತು. ರೊಟ್ಟಿ ಉಬ್ಬಿತು. ಆದರೆ ಆಷಾಢದ ಗಾಳಿ ಬೀಸಿದ ದಿನ ಕೊಳವೆಯೊಳಗೆ ಹೋದ ಹೊಗೆ ಬೀಗರಂತೆ ತಿರುಗಿ ಮನೆಗೇ ಬಂತು. ದಸ್ತಗೀರಸಾಬ ಮಾಡಿನ ಮೇಲೆ ಹತ್ತಿ ಕೊಳವೆಗೆ ತಗಡಿನ ಟೊಪ್ಪಿಗೆ ಹಾಕಿದ. ಶ್ರಾವಣಕ್ಕೆ ಮೂರನೆಯ ಒಲೆ ಸಿದ್ಧವಾಯಿತು.

ಸಣ್ಣ ಕೈಗಾರಿಕೆಗಳ ಕಚೇರಿಗೂ ಚನ್ನಯ್ಯ ಹೋದ. ಅಲ್ಲಿಯ ಅಧಿಕಾರಿ ನಕ್ಷೆ ನೋಡಲಿಲ್ಲ, ಒಂದು ಪ್ರಶ್ನೆ ಕೇಳಿದ: "ಇದನ್ನು ಯಾರು ಬಳಸಿದ್ದಾರೆ, ಎಷ್ಟು ದಿನ?" "ಮುರಿಗೆವ್ವ, ನಲವತ್ತು ದಿನ" ಎಂದ ಚನ್ನಯ್ಯ. ಅಧಿಕಾರಿ ಆಗ ಕುರ್ಚಿ ತೋರಿಸಿ ಕೂರಲು ಹೇಳಿ, ಯಾವ ಅರ್ಜಿ, ಯಾವ ತರಬೇತಿ, ಎಲ್ಲಿ ಜಾಗ ಎಂದು ಒಂದೊಂದಾಗಿ ತಿಳಿಸಿದ.

ದಸರೆಗೆ ಗುರುಸಿದ್ದಯ್ಯ ಮತ್ತೆ ಬಂದರು. ಶಿವಲಿಂಗವ್ವ ಅವರನ್ನು ನೇರ ಅಡಿಗೆಮನೆಗೆ ಕರೆದೊಯ್ದಳು. ಮುರಿಗೆವ್ವ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು. ಮಾಸ್ತರರು ಬಾಗಿಲಲ್ಲೇ ನಿಂತು ಕಿವಿಗೊಟ್ಟರು.

"ಈಕಿ ಹಾಡತಾಳೇನು?"

"ಮೊದಲ ಕೆಮ್ಮಿಗೇ ಉಸರು ಸಾಲತಿರಲಿಲ್ರಿ" ಎಂದಳು ಶಿವಲಿಂಗವ್ವ.

ಅಷ್ಟೊತ್ತಿಗೆ ಬೇರೆ ಹನ್ನೊಂದು ಖಾನಾವಳಿಯವರು ಬಂದು ಒಲೆ ನೋಡಿ, ನಮಗೂ ಬೇಕು ಎಂದು ಹೇಳಿಹೋಗಿದ್ದರು. ಚನ್ನಯ್ಯ ರಾಜೀನಾಮೆಯನ್ನು ಹೊಸದಾಗಿ ಬರೆದು ಅಪ್ಪನ ಮುಂದಿಟ್ಟ. ಗುರುಸಿದ್ದಯ್ಯ ಓದಿದರು. ಕೆಂಪು ಪೆನ್ಸಿಲ್ ತೆಗೆದರು.

"ಇದೇನ ಬರದೀ? ಬಿಡತೇನಿ ಅಂತ ಒಂದs ಸಾಲು. ಎರಡ ವರ್ಷ ಅನ್ನಾ ಹಾಕ್ಯಾರ, ಕೆಲಸಾ ಕಲಿಸ್ಯಾರ. ಉಪಕಾರಾ ಮೊದಲ ಬರಿ. ಬಿಡೂದು ಕಡೀಕ ಬರಿ."

ಅದೇ ಅವರ ಒಪ್ಪಿಗೆ.

ಓದುವ, ಕೇಳುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ಸ್ವಂತ ಕೆಲಸ ಹೂಡುತ್ತೇನೆ ಎಂದರೆ, ಹುಚ್ಚು ಎಂದು ಬೈಯಬೇಡಿರಿ. ಬೆನ್ನು ತಟ್ಟಿ ಒಮ್ಮೆಲೇ ಬಾವಿಗೂ ತಳ್ಳಬೇಡಿರಿ. ಮೊದಲು ಒಂದೇ ಒಂದು ಮಾಡು ಎನ್ನಿರಿ. ಬಳಸುವವರ ಮಗ್ಗುಲಲ್ಲಿ ಕೂತು ನೋಡು ಎನ್ನಿರಿ. ಈಗಿನ ನೌಕರಿಗೆ ಮೋಸ ಮಾಡದೆ, ಕೇಳಿ ಮಾಡು ಎನ್ನಿರಿ. ನಿಮ್ಮ ಊರಿನ ಸಣ್ಣ ಕೈಗಾರಿಕೆಗಳ ಕಚೇರಿಯ ಬಾಗಿಲು ತೆರೆದೇ ಇದೆ, ಹೋಗಿ ಕೇಳಿರಿ. ಕಲಿಸಿದವರನ್ನು ಮರೆಯಬೇಡಿರಿ. ಇನ್ನೊಂದು ಮಾತಿದೆ. ಅದನ್ನು ನನಗಿಂತ ಶಿವಲಿಂಗವ್ವ ಚೆನ್ನಾಗಿ ಹೇಳುತ್ತಾಳೆ.

ಹೊಸ ಕಾರಖಾನೆಯ ಮೊದಲ ಒಲೆಯನ್ನು ಚನ್ನಯ್ಯ, ಪರೀಕ್ಷೆಗೆ ಇಟ್ಟಿದ್ದ ಮೂರನೆಯ ಒಲೆಯ ಜಾಗಕ್ಕೆಂದು, ಖಾನಾವಳಿಗೇ ತಂದ. ತಾನೂ ದಸ್ತಗೀರಸಾಬನೂ ಸೇರಿ ಹೊತ್ತು ತಂದು, ಅಡಿಗೆಮನೆಯ ನಡುವೆ ಇಳಿಸಿ, ಕುಂಕುಮ ಹಚ್ಚಿ, ಶಿವಲಿಂಗವ್ವನ ಕಾಲಿಗೆ ನಮಸ್ಕರಿಸಿದ.

"ಅವ್ವಾ, ಇದು ನಿಮಗ. ಬೆಲಿ ಕೇಳಬ್ಯಾಡ್ರಿ. ಚಪ್ಪಲಿ ಅಟ್ಟಿಯಂಥಾ ರೊಟ್ಟಿ ಮಾಡಿಸಿದ ದಿನಾನೂ ನನ್ನ ಹೊರಗ ಹಾಕಲಿಲ್ಲ ನೀವು. ಇದು ಪುಕ್ಕಟ."

ಶಿವಲಿಂಗವ್ವ ಒಲೆಯ ಬಾಗಿಲು ತೆರೆದಳು, ಮುಚ್ಚಿದಳು, ಕೆಂಡದ ತಟ್ಟೆ ಎಳೆದು ನೋಡಿದಳು.

"ಪುಕ್ಕಟ ಕೊಟ್ಟದ್ದು ನಾಳೆ ಕೆಟ್ರ ನಾ ಯಾರನ್ನ ಬೈಲಿ? ಬೈಯಾಕ ಬಾಯಿ ಬರೂದಿಲ್ಲ. ನಾ ಬೈಲಿಲ್ಲಂದ್ರ ನೀ ಸುಧಾರಸೂದಿಲ್ಲ. ಹನ್ನೊಂದ ಮಂದಿಗೆ ಹೇಳಿದ ಬೆಲಿ ನನಗೂ ಹೇಳು."

"ಇದೊಂದ್ಸಲ ತಗೋರಿ ಅವ್ವಾ, ನನ್ನ ಸಮಾಧಾನಕ್ಕ."

"ಒಲ್ಲೆ" ಎಂದಳು ಶಿವಲಿಂಗವ್ವ.